ಬಾವಿ ನೀರು ಕೆಟ್ಟಾಗ, ನೆಲ ಚೌಳಾದಾಗ: ಕಡೂರು, ತರೀಕೆರೆ, ಅಜ್ಜಂಪುರ ತಾಲ್ಲೂಕುಗಳ ರೈತರಿಗೊಂದು ಪಾಠ

ಕೊಳವೆ ಬಾವಿ ಕೊರೆಸಿ ನೀರು ಬಿದ್ದ ದಿನ ರೈತನ ಮನೆಯಲ್ಲಿ ಹಬ್ಬ. ಎಷ್ಟು ಅಂಗುಲ ನೀರು ಎಂದು ಊರೆಲ್ಲ ಕೇಳುತ್ತದೆ. ಎಂಥ ನೀರು ಎಂದು ಕೇಳುವವರು ಕಡಿಮೆ. ನಾಲ್ಕಾರು ವರ್ಷ ಕಳೆದ ಮೇಲೆ ತೋಟದ ನೆಲ ಗಟ್ಟಿಯಾಗುತ್ತದೆ, ಅಡಿಕೆ ಗರಿಯ ತುದಿ ಸುಡುತ್ತದೆ, ಮಕ್ಕಳ ಹಲ್ಲಿನ ಮೇಲೆ ಕಂದು ಕಲೆ ಮೂಡುತ್ತದೆ. ಆಗ ಗೊಬ್ಬರ ಹೆಚ್ಚಿಸುವವರುಂಟು, ಇನ್ನೊಂದು ಬಾವಿ ಕೊರೆಸುವವರುಂಟು. ರೋಗ ಯಾವುದೆಂದು ತಿಳಿಯದೆ ಮದ್ದು ಕೊಟ್ಟರೆ ಹಣವೂ ಹೋಗುತ್ತದೆ, ರೋಗವೂ ಉಳಿಯುತ್ತದೆ.

ನೀರು ಮತ್ತು ನೆಲಕ್ಕೆ ತಗಲುವ ಕೆಡುಕುಗಳು ಒಂದೇ ಬಗೆಯವಲ್ಲ. ಕೆಲವನ್ನು ಹೊಲದಲ್ಲಿಯೇ ಸರಿಪಡಿಸಬಹುದು. ಕೆಲವನ್ನು ತಡೆಯಬಹುದೇ ಹೊರತು ತೆಗೆಯಲಾಗದು. ಇನ್ನು ಕೆಲವಕ್ಕೆ ಬೇರೆ ನೀರು ಹುಡುಕುವುದೊಂದೇ ದಾರಿ. ಯಾವುದು ಯಾವ ಗುಂಪಿಗೆ ಸೇರಿದ್ದೆಂದು ತಿಳಿಯಲು ಪರೀಕ್ಷೆ ಅಗತ್ಯ. ಆ ಬಗ್ಗೆ ರೈತರೂ ವಿಸ್ತರಣಾ ಕಾರ್ಯಕರ್ತರೂ ತಿಳಿದಿರಬೇಕಾದ ಅಂಶಗಳನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ನಮ್ಮ ಭಾಗದ ಪರಿಸ್ಥಿತಿ

ಚಿಕ್ಕಮಗಳೂರು ಜಿಲ್ಲೆ ಎಂದೊಡನೆ ಮಲೆನಾಡಿನ ಮಳೆ ನೆನಪಿಗೆ ಬರುತ್ತದೆ. ಆದರೆ ಕಡೂರು ಬಾಬಾಬುಡನ್‌ಗಿರಿ ಶ್ರೇಣಿಯ ಮಳೆ ನೆರಳಿನಲ್ಲಿದೆ; ಅದು ಕೇಂದ್ರ ಒಣ ವಲಯಕ್ಕೆ ಸೇರಿದೆ. ತರೀಕೆರೆ ದಕ್ಷಿಣ ಸ್ಥಿತ್ಯಂತರ ವಲಯಕ್ಕೆ ಸೇರಿದೆ. ತರೀಕೆರೆಯಿಂದ ಬೇರ್ಪಟ್ಟು ಪ್ರತ್ಯೇಕ ತಾಲ್ಲೂಕಾದ ಅಜ್ಜಂಪುರದಲ್ಲಿ ಈರುಳ್ಳಿ ಬೆಳೆಯುವ ಕಪ್ಪು ಭೂಮಿ ಉಂಟು.

ಇಲ್ಲಿಯ ಅಂತರ್ಜಲ ಮರಳಿನ ಪದರದಲ್ಲಿ ನಿಂತ ನೀರಲ್ಲ. ಅದು ಗಟ್ಟಿ ಬಂಡೆಯ ಬಿರುಕುಗಳಲ್ಲಿಯೂ, ಬಂಡೆಯ ಮೇಲಿನ ಸವೆದ ಪದರದಲ್ಲಿಯೂ ಇರುವ ನೀರು. ಮೇಲಿನ ಪದರದ ನೀರು ಮಳೆಯಿಂದ ಬೇಗ ತುಂಬುತ್ತದೆ. ಆದರೆ ತಿಪ್ಪೆ, ಗೊಬ್ಬರ, ಬಚ್ಚಲಿನ ಕೊಳೆಯೂ ಅದಕ್ಕೆ ಬೇಗ ಸೇರುತ್ತದೆ. ಆಳದ ಬಿರುಕಿನ ನೀರು ಬಹುಕಾಲ ಬಂಡೆಯ ಸಂಪರ್ಕದಲ್ಲಿದ್ದು ಅದರ ಲವಣಗಳನ್ನು ಕರಗಿಸಿಕೊಂಡಿರುತ್ತದೆ. ಕೇಂದ್ರ ಅಂತರ್ಜಲ ಮಂಡಳಿಯ ಮೌಲ್ಯಮಾಪನಗಳಲ್ಲಿ ಕಡೂರು ಮಿತಿಮೀರಿ ಅಂತರ್ಜಲ ಬಳಸಿದ ತಾಲ್ಲೂಕುಗಳ ಪಟ್ಟಿಯಲ್ಲಿ ಸೇರಿದೆ. ಮೇಲಿನ ನೀರು ಬತ್ತಿದಂತೆ ಆಳದ ನೀರನ್ನೇ ಅವಲಂಬಿಸಬೇಕಾಗುತ್ತದೆ. ಹೀಗೆ ನೀರಿನ ಕೊರತೆ ನೀರಿನ ಕೆಡುಕಿಗೂ ಕಾರಣವಾಗುತ್ತದೆ.

ಮಾದರಿ ತೆಗೆಯುವ ಕ್ರಮ

*ನೀರಿನ ಮಾದರಿ:* ಪಂಪನ್ನು 10ರಿಂದ 15 ನಿಮಿಷ ಓಡಿಸಿ ಪೈಪಿನಲ್ಲಿ ನಿಂತ ನೀರನ್ನು ಹೊರಹಾಕಬೇಕು. ಒಂದು ಲೀಟರಿನ ಶುಭ್ರವಾದ ಪ್ಲಾಸ್ಟಿಕ್ ಬಾಟಲಿಯನ್ನು ಅದೇ ನೀರಿನಲ್ಲಿ ಮೂರು ಸಲ ಜಾಲಾಡಿಸಿ, ಬಾಯಿವರೆಗೆ ತುಂಬಿ, ಬಿಗಿಯಾಗಿ ಮುಚ್ಚಬೇಕು. ಔಷಧಿಯ ಖಾಲಿ ಬಾಟಲಿಯನ್ನು ಎಂದಿಗೂ ಬಳಸಬಾರದು. ಹೆಸರು, ಸರ್ವೆ ನಂಬರು, ಬಾವಿಯ ಆಳ, ಬೆಳೆ ಮತ್ತು ತಾರೀಖನ್ನು ಬರೆದು ಅಂಟಿಸಿ, ನೆರಳಿನಲ್ಲಿಟ್ಟು, ಸಾಧ್ಯವಾದಷ್ಟು ಒಂದು ದಿನದೊಳಗೆ ಪ್ರಯೋಗಾಲಯಕ್ಕೆ ತಲುಪಿಸಬೇಕು.

*ಮಣ್ಣಿನ ಮಾದರಿ:* ಎಕರೆಗೆ 10–12 ಕಡೆ ಇಂಗ್ಲಿಷಿನ ‘ವಿ’ ಆಕಾರದ ಗುಂಡಿ ತೆಗೆದು, 6 ಅಂಗುಲದವರೆಗಿನ ಮಣ್ಣನ್ನು ಒಂದೇ ದಪ್ಪದಲ್ಲಿ ಕೆರೆದು ತೆಗೆಯಬೇಕು. ಎಲ್ಲವನ್ನೂ ಬೆರೆಸಿ, ನಾಲ್ಕು ಭಾಗ ಮಾಡಿ, ಎದುರುಬದುರಿನ ಎರಡು ಭಾಗ ಬಿಡುತ್ತ ಅರ್ಧ ಕಿಲೋ ಉಳಿಸಿಕೊಳ್ಳಬೇಕು. ತೆಂಗು, ಅಡಿಕೆ ತೋಟವಾದರೆ 1, 2 ಮತ್ತು 3 ಅಡಿ ಆಳದ ಮಣ್ಣನ್ನು ಬೇರೆ ಬೇರೆಯಾಗಿ ಕಳುಹಿಸಬೇಕು. ಚೌಳಾದ ತುಂಡು ಮತ್ತು ಚೆನ್ನಾಗಿರುವ ತುಂಡಿನ ಮಣ್ಣನ್ನು ಬೆರೆಸಬಾರದು. ಎರಡನ್ನೂ ಹೋಲಿಸಿದಾಗಲೇ ಕೆಡುಕಿನ ಕಾರಣ ಗೊತ್ತಾಗುವುದು.

ಒಂದನೆಯ ಕೆಡುಕು: ಉಪ್ಪು ಮತ್ತು ಕ್ಷಾರ

ನೆಲದ ಮೇಲೆ ಬಿಳಿ ಪುಡಿ ಕಂಡರೆ ಎಲ್ಲರೂ ‘ಚೌಳು’ ಎನ್ನುತ್ತಾರೆ. ಆದರೆ ಇದರಲ್ಲಿ ಎರಡು ಬಗೆಗಳಿವೆ.

ಮಣ್ಣಿನ ರಸಸಾರ 8.5ಕ್ಕಿಂತ ಕಡಿಮೆಯಿದ್ದು, ಲವಣಾಂಶ 4 ಡೆಸಿ ಸೀಮೆನ್ಸ್‌ಗಿಂತ ಹೆಚ್ಚಿದ್ದರೆ ಅದು ಉಪ್ಪು ಮಣ್ಣು. ಇದಕ್ಕೆ ಮದ್ದು ಬೇಡ. ಬಸಿಗಾಲುವೆ ತೆಗೆದು, ಒಳ್ಳೆಯ ನೀರು ಅಥವಾ ಮಳೆ ನೀರನ್ನು ನಿಲ್ಲಿಸಿ ಇಂಗಿಸಿದರೆ ಉಪ್ಪು ತೊಳೆದುಹೋಗುತ್ತದೆ.

ರಸಸಾರ 8.5ಕ್ಕಿಂತ ಹೆಚ್ಚಿದ್ದು, ಮಣ್ಣಿಗೆ ಸೋಡಿಯಂ ಅಂಟಿಕೊಂಡಿದ್ದರೆ ಅದು ಕ್ಷಾರ ಮಣ್ಣು. ಒದ್ದೆಯಾದಾಗ ಅಂಟು, ಒಣಗಿದಾಗ ಕಲ್ಲು. ನೀರು ಮೇಲೆಯೇ ನಿಲ್ಲುತ್ತದೆ. ಇದನ್ನು ಬರಿಯ ನೀರಿನಿಂದ ತೊಳೆಯಹೋದರೆ ನೆಲ ಇನ್ನಷ್ಟು ಬಿಗಿಯುತ್ತದೆ. ಮೊದಲು ಜಿಪ್ಸಂ ಹಾಕಿ ಸೋಡಿಯಂ ಅನ್ನು ಬಿಡಿಸಬೇಕು, ಆಮೇಲೆ ತೊಳೆಯಬೇಕು. ಜಿಪ್ಸಂನ ಸುಣ್ಣಾಂಶ ಮಣ್ಣಿನ ಕಣವನ್ನು ಹಿಡಿದುಕೊಂಡಾಗ ಸೋಡಿಯಂ ನೀರಿನೊಡನೆ ಕೆಳಗಿಳಿಯುತ್ತದೆ. ಪ್ರಯೋಗಾಲಯದವರು ತಿಳಿಸಿದ ಪ್ರಮಾಣವನ್ನು ಮೇಲಿನ 4 ಅಂಗುಲ ಮಣ್ಣಿನಲ್ಲಿ ಮಾತ್ರ ಬೆರೆಸಿ ನೀರು ನಿಲ್ಲಿಸಬೇಕು. ನಂತರ ಡಯಾಂಚ ಬಿತ್ತಿ, 45 ದಿನದಲ್ಲಿ ಹೂ ಬಿಡುವ ಮೊದಲು ಮಣ್ಣಿಗೆ ಸೇರಿಸಬೇಕು.

ಬಾವಿಯ ನೀರೇ ಕ್ಷಾರವಾಗಿದ್ದರೆ ಒಂದು ಸಲದ ಜಿಪ್ಸಂ ಸಾಲದು. ನೀರಿನ ವರದಿಯಲ್ಲಿ ‘ಉಳಿಕೆ ಸೋಡಿಯಂ ಕಾರ್ಬೊನೇಟ್’ ಎಂಬ ಅಂಕಿ ಇರುತ್ತದೆ. ಅದು ಲೀಟರಿಗೆ 1.25 ಮಿಲಿ ಸಮತೂಕದವರೆಗೆ ಇದ್ದರೆ ಭಯವಿಲ್ಲ, 2.5ಕ್ಕಿಂತ ಹೆಚ್ಚಿದ್ದರೆ ಅಪಾಯ. ಒಂದು ಎಕರೆಗೆ ಒಂದು ಅಂಗುಲ ನೀರು ಹಾಯಿಸಿದಾಗ, ತಗ್ಗಿಸಬೇಕಾದ ಪ್ರತಿಯೊಂದು ಮಿಲಿ ಸಮತೂಕಕ್ಕೆ ಸುಮಾರು 9 ಕಿಲೋ ಶುದ್ಧ ಜಿಪ್ಸಂ ಬೇಕು. ಉದಾಹರಣೆಗೆ, ನೀರಿನ ಅಂಕಿ 5 ಇದೆ, ಅದನ್ನು 2.5ಕ್ಕೆ ಇಳಿಸಬೇಕು ಎಂದಿಟ್ಟುಕೊಳ್ಳಿ. ಅಂಗುಲಕ್ಕೆ 22.5 ಕಿಲೋ ಆಯಿತು. ಎರಡೆರಡು ಅಂಗುಲದಂತೆ ಆರು ಸಲ ನೀರು ಕೊಟ್ಟರೆ 12 ಅಂಗುಲಕ್ಕೆ 270 ಕಿಲೋ. ನಿಮಗೆ ಸಿಗುವ ಜಿಪ್ಸಂ ನೂರಕ್ಕೆ 70ರಷ್ಟು ಶುದ್ಧವಾಗಿದ್ದರೆ ಸುಮಾರು 385 ಕಿಲೋ ಬೇಕಾಗುತ್ತದೆ.

ನೀರಿನ ಲವಣಾಂಶ 0.75 ಡೆಸಿ ಸೀಮೆನ್ಸ್‌ವರೆಗೆ ಇದ್ದರೆ ಹೆಚ್ಚಿನ ತೊಂದರೆಯಿಲ್ಲ. 2.25 ದಾಟಿದರೆ ಬಸಿಗಾಲುವೆಯಿಲ್ಲದೆ ಬಳಸಬಾರದು. ಈರುಳ್ಳಿ ಮತ್ತು ಅಡಿಕೆ ಉಪ್ಪನ್ನು ಸಹಿಸುವುದಿಲ್ಲ. ತೆಂಗು ಅವೆರಡಕ್ಕಿಂತ ಹೆಚ್ಚು ತಾಳಿಕೊಳ್ಳುತ್ತದೆ.

ಕಾಲುವೆ ನೀರಿನ ಕನಸು ಕಾಣುತ್ತಿರುವ ರೈತರಿಗೂ ಇಲ್ಲಿ ಒಂದು ಎಚ್ಚರಿಕೆಯಿದೆ. ಭದ್ರಾ ಮೇಲ್ದಂಡೆ ಯೋಜನೆಯ ನೀರು ಅಜ್ಜಂಪುರದ ಬಳಿಯ ಸುರಂಗದ ಮೂಲಕ ಪೂರ್ವದ ಬಯಲಿಗೆ ಸಾಗುತ್ತದೆ. ಕಪ್ಪು ಭೂಮಿಗೆ ನೀರು ಬಂದ ಮೇಲೆ ಬಸಿಗಾಲುವೆಯನ್ನು ಮರೆತರೆ ಏನಾಗುತ್ತದೆಂಬುದನ್ನು ತುಂಗಭದ್ರಾ ಅಚ್ಚುಕಟ್ಟಿನಲ್ಲಿ ನೋಡಬಹುದು. ಅಲ್ಲಿ ಚೌಳಾದ ಭೂಮಿಯ ಸುಧಾರಣೆಗಾಗಿ ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಸಂಶೋಧನೆಯನ್ನೇ ನಡೆಸಬೇಕಾಯಿತು. ನೀರು ಬರುವ ಮೊದಲೇ ಹೊಲದ ತಗ್ಗಿನಲ್ಲಿ 3 ಅಡಿ ಆಳದ ಬಸಿಗಾಲುವೆ ತೆಗೆದಿಡುವುದು ಜಾಣತನ.

ಎರಡನೆಯ ಕೆಡುಕು: ನೈಟ್ರೇಟ್

ಇದು ಬಹುಮಟ್ಟಿಗೆ ನಮ್ಮ ಕೈಯಿಂದಲೇ ಬರುವ ಕೆಡುಕು. ಮಿತಿಮೀರಿದ ಯೂರಿಯಾ, ಬಾವಿಯ ಪಕ್ಕದ ತಿಪ್ಪೆ, ಕೊಟ್ಟಿಗೆಯ ಗಂಜಲ ಮತ್ತು ಶೌಚದ ಗುಂಡಿ ಇದರ ಮೂಲಗಳು. ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಭಾರತೀಯ ಮಾನಕದಂತೆ ಕುಡಿಯುವ ನೀರಿನಲ್ಲಿ ಲೀಟರಿಗೆ 45 ಮಿಲಿ ಗ್ರಾಂ ಮೀರಬಾರದು. 1945ರಲ್ಲಿ ಅಮೆರಿಕದ ಅಯೋವಾ ಪ್ರಾಂತದ ವೈದ್ಯರೊಬ್ಬರು, ಬಾವಿ ನೀರಿನಲ್ಲಿ ಕಲಸಿದ ಹಾಲಿನಪುಡಿ ಕುಡಿದ ಹಸುಗೂಸುಗಳು ನೀಲಿಗಟ್ಟುವುದಕ್ಕೆ ನೈಟ್ರೇಟೇ ಕಾರಣವೆಂದು ತೋರಿಸಿದರು. ಕಾಯಿಸಿದರೆ ಇದು ಹೋಗುವುದಿಲ್ಲ. ನೀರು ಆವಿಯಾಗಿ ನೈಟ್ರೇಟ್ ಇನ್ನಷ್ಟು ಗಾಢವಾಗುತ್ತದೆ. ಆರು ತಿಂಗಳೊಳಗಿನ ಮಗುವಿಗೆ ತಾಯಿಯ ಹಾಲೊಂದೇ ಸಾಕು. ಇಂಥ ನೀರನ್ನು ಕೊಡಲೇಬಾರದು.

ನೆಲದೊಳಗಿನ ನೈಟ್ರೇಟ್ ತೆಗೆಯುವ ಅಗ್ಗದ ಯಂತ್ರವಿಲ್ಲ. ಆದರೆ ಬೆಳೆಯೇ ಅದನ್ನು ಹೀರುವ ಯಂತ್ರ. 45 ಮಿಲಿ ಗ್ರಾಂ ನೈಟ್ರೇಟ್ ಇರುವ ನೀರನ್ನು ಎಕರೆಗೆ ಒಂದು ಅಂಗುಲ ಹಾಯಿಸಿದರೆ ಸುಮಾರು ಒಂದು ಕಿಲೋ ಸಾರಜನಕ ಬಿದ್ದಂತೆ. ವರ್ಷದಲ್ಲಿ 20 ಅಂಗುಲ ಕೊಟ್ಟರೆ 20 ಕಿಲೋಗೂ ಮೇಲೆ, ಅಂದರೆ 45 ಕಿಲೋದ ಒಂದು ಯೂರಿಯಾ ಚೀಲ. ಅಡಿಕೆ ಮರವೊಂದಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ ಶಿಫಾರಸು. 9 ಅಡಿ ಅಂತರದ ಎಕರೆ ತೋಟದ ಸುಮಾರು 540 ಮರಗಳಿಗೆ 54 ಕಿಲೋ ಆಯಿತು. ಅದರಲ್ಲಿ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ನೀರಿನಲ್ಲಿಯೇ ಬರುತ್ತಿದೆ. ಅಷ್ಟು ಯೂರಿಯಾ ಕಡಿಮೆ ಮಾಡಿದರೆ ಹಣವೂ ಉಳಿಯಿತು, ಬಾವಿಯೂ ಮೆಲ್ಲಗೆ ಶುದ್ಧವಾಯಿತು.

ಇದರೊಂದಿಗೆ ಅನುಸರಿಸಬೇಕಾದ ಕ್ರಮಗಳು:

1. ತಿಪ್ಪೆಗುಂಡಿ ಮತ್ತು ಶೌಚದ ಗುಂಡಿ ಬಾವಿಯಿಂದ ಕನಿಷ್ಠ 50 ಅಡಿ, ಸಾಧ್ಯವಾದರೆ 100 ಅಡಿ ದೂರದಲ್ಲಿ, ಇಳಿಜಾರಿನ ಕೆಳಗಡೆ ಇರಬೇಕು.
2. ಹನಿ ನೀರಾವರಿಯಲ್ಲಿ ರಸಗೊಬ್ಬರ ಕೊಡುವವರು ಪೈಪಿಗೆ ಹಿಮ್ಮುಖ ಹರಿವು ತಡೆಯುವ ವಾಲ್ವ್ ಹಾಕಿಸಲೇಬೇಕು. ಇಲ್ಲವಾದರೆ ಕರೆಂಟು ಹೋದ ಕ್ಷಣ ಗೊಬ್ಬರದ ನೀರು ಕೊಳವೆ ಬಾವಿಗೇ ವಾಪಸು ಇಳಿಯಬಹುದು.
3. ಔಷಧಿಯ ಡಬ್ಬವನ್ನು ಮೂರು ಸಲ ತೊಳೆದು, ಆ ನೀರನ್ನು ಸಿಂಪರಣಾ ಯಂತ್ರಕ್ಕೇ ಹಾಕಬೇಕು. ಬಾವಿ ಕಟ್ಟೆಯ ಮೇಲೆ ಔಷಧಿ ಕಲಸಬಾರದು. ಬತ್ತಿದ ಕೊಳವೆ ಬಾವಿಗೆ ಕಸ, ಡಬ್ಬ ಎಸೆಯದೆ ಬಾಯಿ ಮುಚ್ಚಬೇಕು.

ಮೂರನೆಯ ಕೆಡುಕು: ಫ್ಲೋರೈಡ್

ಇದು ಬಂಡೆಯಿಂದ ಬಂದದ್ದು. ಇದಕ್ಕೆ ಯಾರೂ ಹೊಣೆಯಲ್ಲ. ಸುಣ್ಣಾಂಶ ಕಡಿಮೆಯಿದ್ದು ಸೋಡಿಯಂ ಹೆಚ್ಚಿರುವ ಆಳದ ನೀರಿನಲ್ಲಿ ಇದು ಹೆಚ್ಚು ಕರಗುತ್ತದೆ. ಲೀಟರಿಗೆ 1 ಮಿಲಿ ಗ್ರಾಂ ಒಪ್ಪಬಹುದಾದ ಮಿತಿ. ಬೇರೆ ನೀರಿಲ್ಲದಿದ್ದರೆ 1.5ರವರೆಗೆ ಮಾನಕ ಅನುಮತಿಸುತ್ತದೆ. ಮೀರಿದರೆ ಮೊದಲು ಹಲ್ಲು, ಬಹುಕಾಲದ ನಂತರ ಮೂಳೆ ಮತ್ತು ಕೀಲು ಕೆಡುತ್ತವೆ. ಬಾಗಿದ ಮೂಳೆಯನ್ನು ಮತ್ತೆ ನೆಟ್ಟಗೆ ಮಾಡುವ ಔಷಧಿ ಇಲ್ಲ.

ನಾಗಪುರದ ರಾಷ್ಟ್ರೀಯ ಪರಿಸರ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆ 1970ರ ದಶಕದಲ್ಲಿ ಪಟಿಕ ಮತ್ತು ಸುಣ್ಣ ಬಳಸುವ ‘ನಲಗೊಂಡ ವಿಧಾನ’ವನ್ನು ರೂಪಿಸಿತು. ಅದಕ್ಕೆ ಅಳತೆ ತಿಳಿದ ಕೈ ಬೇಕು. ಶುದ್ಧ ನೀರಿನ ಘಟಕದಿಂದ ನೀರು ತರುವುದು ಸುಲಭ. ಆದರೆ ಘಟಕ ಹೊರಬಿಡುವ ಉಳಿಕೆ ನೀರಿನಲ್ಲಿ ಲವಣವೆಲ್ಲ ಸೇರಿರುತ್ತದೆ. ಅದನ್ನು ಬಾವಿಯ ಬಳಿ ಇಂಗಿಸಬಾರದು.

ಎಲ್ಲಕ್ಕಿಂತ ಸರಳವಾದದ್ದು ಚಾವಣಿಯ ಮಳೆ ನೀರು. 1000 ಚದರ ಅಡಿಯ ಚಾವಣಿಯ ಮೇಲೆ ವರ್ಷಕ್ಕೆ 600 ಮಿಲಿ ಮೀಟರ್ ಮಳೆ ಬಿದ್ದು, ನೂರಕ್ಕೆ 80ರಷ್ಟು ಹಿಡಿದರೆ ಸುಮಾರು 44,000 ಲೀಟರ್ ಸಿಗುತ್ತದೆ. ಐವರ ಸಂಸಾರಕ್ಕೆ ಕುಡಿಯಲು, ಅಡಿಗೆಗೆ ದಿನಕ್ಕೆ 20 ಲೀಟರಿನಂತೆ ವರ್ಷಕ್ಕೆ ಬೇಕಾದದ್ದು 7,300 ಲೀಟರ್ ಮಾತ್ರ. ಮಳೆ ಅರ್ಧಕ್ಕೆ ಇಳಿದ ವರ್ಷವೂ ಸಾಕಾಗಿ ಮಿಗುತ್ತದೆ. ಮೊದಲ ಮಳೆಯ ನೀರನ್ನು ಹೊರಬಿಟ್ಟು, ಮರಳು ಜಲ್ಲಿಯಲ್ಲಿ ಸೋಸಿ, ಬೆಳಕು ತಾಗದ ತೊಟ್ಟಿಯಲ್ಲಿ ಸಂಗ್ರಹಿಸಬೇಕು. ಕುಡಿಯುವ ಮೊದಲು ಕಾಯಿಸಬೇಕು.

ಮಿಕ್ಕ ಮಳೆ ನೀರನ್ನು ಬಾವಿಗೆ ಮರುಪೂರಣ ಮಾಡಿದರೆ ಮೂರು ಕೆಡುಕುಗಳೂ ತೆಳುವಾಗುತ್ತವೆ. ಆದರೆ ಗೊಬ್ಬರ, ಔಷಧಿ ಬಿದ್ದ ಹೊಲದ ನೀರನ್ನು ಸೋಸದೆ ನೇರವಾಗಿ ಕೊಳವೆಗೆ ಬಿಡುವುದು ವಿಷ ಉಣಿಸಿದಂತೆ.

ವಿಸ್ತರಣಾ ಕಾರ್ಯಕರ್ತರಿಗೆ: ಒಂದು ದಿನದ ಗ್ರಾಮ ತರಬೇತಿ

*ಬೆಳಿಗ್ಗೆ:* ಊರಿನ ನಕ್ಷೆ ಬರೆಸಿ, ಪ್ರತಿ ಬಾವಿ, ತಿಪ್ಪೆ, ಚೌಳು ತುಂಡನ್ನು ರೈತರ ಕೈಯಿಂದಲೇ ಗುರುತು ಮಾಡಿಸಿ. ನಂತರ ಎರಡು ಬಾವಿಗಳ ಬಳಿ ಮಾದರಿ ತೆಗೆಯುವುದನ್ನು ಮಾಡಿ ತೋರಿಸಿ. ಜಲ ಜೀವನ್ ಮಿಷನ್ ಅಡಿ ನೀರಿನ ಪರೀಕ್ಷಾ ಕಿಟ್ ಬಳಸಲು ತರಬೇತಿ ಪಡೆದ ಮಹಿಳೆಯರು ಊರಿನಲ್ಲಿದ್ದರೆ ಅವರಿಂದಲೇ ಪರೀಕ್ಷೆ ಮಾಡಿಸಿ. ಊರವರು ನಂಬುವುದು ಊರವರ ಕೈಯನ್ನೇ.

*ಮಧ್ಯಾಹ್ನ:* ಎರಡು ಗಾಜಿನ ಲೋಟಗಳ ಪ್ರಯೋಗ ಮಾಡಿ. ಎರಡರಲ್ಲೂ ಮಳೆ ನೀರು ತುಂಬಿ ಕ್ಷಾರ ಮಣ್ಣಿನ ಒಣ ಹೆಂಟೆ ಇಳಿಬಿಡಿ. ಒಂದಕ್ಕೆ ಮಾತ್ರ ಚಿಟಿಕೆ ಜಿಪ್ಸಂ ಪುಡಿ ಹಾಕಿ ಕಲಕಿ. ಬರಿಯ ನೀರಿನ ಲೋಟ ರಾಡಿಯಾಗಿಯೇ ಉಳಿಯುತ್ತದೆ. ಜಿಪ್ಸಂ ಇರುವುದು ತಿಳಿಯಾಗುತ್ತದೆ. ಜಿಪ್ಸಂ ಏಕೆ ಬೇಕೆಂಬುದಕ್ಕೆ ಒಂದು ಗಂಟೆಯ ಭಾಷಣಕ್ಕಿಂತ ಇದು ಮೇಲು.

*ಕೊನೆಗೆ:* ವರದಿ ಬಂದ ಮೇಲೆ ಎರಡನೆಯ ಸಲ ಊರಿಗೆ ಹೋಗುವ ದಿನವನ್ನು ಅಂದೇ ಗೊತ್ತುಮಾಡಿ. ವರದಿಯನ್ನು ಓದಿ ಹೇಳದ ತರಬೇತಿ ಅರ್ಧ ತರಬೇತಿ.

ನೆರವಿಗಾಗಿ ಹೋಬಳಿಯ ರೈತ ಸಂಪರ್ಕ ಕೇಂದ್ರ, ಶಿವಮೊಗ್ಗ ಕೃಷಿ ಮತ್ತು ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ಮೂಡಿಗೆರೆ ಕೃಷಿ ವಿಜ್ಞಾನ ಕೇಂದ್ರ ಹಾಗೂ ತರೀಕೆರೆ ತಾಲ್ಲೂಕಿನ ಬಾವಿಕೆರೆ ಸಂಶೋಧನಾ ಕೇಂದ್ರದ ತಜ್ಞರನ್ನು ಕೇಳಬಹುದು. ಕುಡಿಯುವ ನೀರಿನ ಪರೀಕ್ಷೆಗೆ ಗ್ರಾಮ ಪಂಚಾಯತಿಯ ಮೂಲಕ ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯನ್ನು ಸಂಪರ್ಕಿಸಬೇಕು.

ರೈತ ಬಾಂಧವರೇ, ಉಪ್ಪನ್ನು ತೊಳೆಯಬಹುದು, ಕ್ಷಾರಕ್ಕೆ ಜಿಪ್ಸಂ ಉಂಟು, ನೈಟ್ರೇಟನ್ನು ಮೂಲದಲ್ಲಿಯೇ ತಡೆಯಬಹುದು, ಫ್ಲೋರೈಡಿಗೆ ಮಳೆ ನೀರೇ ಮದ್ದು. ಆದರೆ ಕೆಟ್ಟ ಅಂತರ್ಜಲ ಶುದ್ಧವಾಗಲು ಹಲವು ವರ್ಷ ಬೇಕು; ತಿಪ್ಪೆಯನ್ನು ಬಾವಿಯಿಂದ ದೂರ ಸಾಗಿಸಲು ಒಂದು ದಿನ ಸಾಕು. ಮುಂಗಾರಿಗೆ ಮೊದಲು ಒಂದು ಬಾಟಲಿ ನೀರು ಮತ್ತು ಅರ್ಧ ಕಿಲೋ ಮಣ್ಣನ್ನು ಪರೀಕ್ಷೆಗೆ ಕಳುಹಿಸಿರಿ. ವರದಿ ಕೈಗೆ ಬರುವವರೆಗೆ ಜಿಪ್ಸಂ ಕೊಳ್ಳಬೇಡಿ, ಹೊಸ ಬಾವಿಯನ್ನೂ ಕೊರೆಸಬೇಡಿ.