ಬಿಗ್ ಬ್ಯಾಂಗ್ ಪಾದ್ರಿ ಕಲಿಸಿದ ಪಾಠ

ಕಳೆದ ರಂಜಾನಿನಲ್ಲಿ ನಮ್ಮ ಮನೆಯ ಮೊಬೈಲಿಗೆ ಒಂದು ವಿಡಿಯೊ ಬಂತು. ಬಿಗ್ ಬ್ಯಾಂಗ್ ಬಗ್ಗೆ ವಿಜ್ಞಾನಿಗಳು ಈಗ ಹೇಳುತ್ತಿರುವುದು ಕುರ್‌ಆನ್‌ನಲ್ಲಿ ಮೊದಲೇ ಇದೆ, ಆದ್ದರಿಂದ ನಮ್ಮ ಧರ್ಮ ಸತ್ಯವೆಂದು ಸಾಬೀತಾಯಿತು ಎಂಬುದು ಅದರ ಸಾರಾಂಶ. ದಾದಾ ಖುಷಿಯಿಂದ "ಬೇಟಾ, ಎಲ್ಲರಿಗೂ ಕಳಿಸು" ಎಂದರು. ಕಳಿಸಿದೆ. ಮರುದಿನ ವಿಜ್ಞಾನ ವಿಭಾಗದ ಗೆಳೆಯ ಕೇಳಿದ: "ನಾಳೆ ವಿಜ್ಞಾನಿಗಳು ಈ ಸಿದ್ಧಾಂತವೇ ತಪ್ಪು ಎಂದರೆ ಏನು ಮಾಡ್ತೀಯ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಉತ್ತರ ಹುಡುಕುವಾಗ ಸಿಕ್ಕವರು ಒಬ್ಬ ಕ್ಯಾಥೊಲಿಕ್ ಪಾದ್ರಿ. ಈ ಸಿದ್ಧಾಂತದ ಮೂಲ ವಿಚಾರವನ್ನು ಮುಂದಿಟ್ಟವರೇ ಅವರು!

ಯಾರು ಈ ಪಾದ್ರಿ?

ಜಾರ್ಜ್ ಲೆಮೈತ್ರ್ ಹುಟ್ಟಿದ್ದು 1894ರಲ್ಲಿ, ಬೆಲ್ಜಿಯಂ ದೇಶದಲ್ಲಿ. 1920ರಲ್ಲಿ ಗಣಿತದಲ್ಲಿ ಡಾಕ್ಟರೇಟ್ ಪಡೆದರು, 1923ರಲ್ಲಿ ಪಾದ್ರಿಯಾದರು. ನಂತರ ಲೂವೆನ್‌ನ ಕ್ಯಾಥೊಲಿಕ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು.

1927ರಲ್ಲಿ ಅವರು ವಿಶ್ವ ಹಿಗ್ಗುತ್ತಿದೆ ಎಂದು ಬರೆದರು. ಅವರ ಲೆಕ್ಕ ಸರಿ ಎಂದು ಒಪ್ಪಿದ ಐನ್‌ಸ್ಟೈನ್, ವಿಶ್ವ ನಿಜವಾಗಿಯೂ ಹಿಗ್ಗುತ್ತಿದೆ ಎಂಬುದನ್ನು ಆಗ ಒಪ್ಪಲಿಲ್ಲ. 1931ರಲ್ಲಿ ಲೆಮೈತ್ರ್ ಇನ್ನೂ ಮುಂದೆ ಹೋದರು. ವಿಶ್ವ ಈಗ ಹಿಗ್ಗುತ್ತಿದ್ದರೆ, ಹಿಂದಕ್ಕೆ ಹೋದಷ್ಟೂ ಅದು ಚಿಕ್ಕದಾಗಿ, ಒತ್ತಾಗಿ ಇದ್ದಿರಬೇಕು. ಹಾಗಾದರೆ ಎಲ್ಲವೂ ಒಂದು ಆದಿ ಅಣುವಿನಿಂದ ಆರಂಭವಾಗಿರಬಹುದು ಎಂದರು. ಇದಕ್ಕೆ 'ಬಿಗ್ ಬ್ಯಾಂಗ್' ಎಂಬ ಹೆಸರು ಬಂದದ್ದು 1949ರಲ್ಲಿ, ಇದನ್ನು ಒಪ್ಪದ ವಿಜ್ಞಾನಿ ಫ್ರೆಡ್ ಹಾಯ್ಲ್ ಅವರ ರೇಡಿಯೊ ಭಾಷಣದಿಂದ.

ಪೋಪ್ ಅವರ ಭಾಷಣ

ಚರ್ಚ್ ಮತ್ತು ವಿಜ್ಞಾನ ಎಂದೊಡನೆ ನಮಗೆ 1633ರ ಗೆಲಿಲಿಯೊ ವಿಚಾರಣೆ ನೆನಪಾಗುತ್ತದೆ. ಆದರೆ ಅದೇ ಚರ್ಚ್ ಮುಂದೆ ವ್ಯಾಟಿಕನ್‌ನಲ್ಲಿ ಖಗೋಳ ವೀಕ್ಷಣಾಲಯವನ್ನೂ ವಿಜ್ಞಾನ ಅಕಾಡೆಮಿಯನ್ನೂ ನಡೆಸಿತು. 1951ರ ನವೆಂಬರ್‌ನಲ್ಲಿ ಪೋಪ್ 12ನೇ ಪಯಸ್ ಆ ಅಕಾಡೆಮಿಯಲ್ಲಿ ಮಾತನಾಡುತ್ತಾ, ಹೊಸ ವಿಜ್ಞಾನ ದೇವರ ಸೃಷ್ಟಿಗೆ ಸಾಕ್ಷಿ ಹೇಳುತ್ತಿದೆ ಎಂಬರ್ಥದಲ್ಲಿ ಹೇಳಿದರು.

ಲೆಮೈತ್ರ್ ಆ ಅಕಾಡೆಮಿಯ ಸದಸ್ಯರು. ಅವರು ಹಿಗ್ಗಬೇಕಿತ್ತಲ್ಲವೇ? ಬದಲಿಗೆ ಅವರಿಗೆ ಚಿಂತೆಯಾಯಿತು. ಸಿದ್ಧಾಂತವನ್ನು ಇನ್ನೂ ಪರೀಕ್ಷಿಸಬೇಕಿತ್ತು; ಅದು ಬದಲಾಗಲೂಬಹುದಿತ್ತು. ತನ್ನ ಸಿದ್ಧಾಂತ ಧರ್ಮದ ಪ್ರಶ್ನೆಗಳಿಂದ ಹೊರಗೆ ನಿಲ್ಲುತ್ತದೆ, ಅದನ್ನು ಒಪ್ಪುವವನು ಆಸ್ತಿಕನೂ ಆಗಿರಬಹುದು, ನಾಸ್ತಿಕನೂ ಆಗಿರಬಹುದು ಎಂಬುದು ಅವರ ನಿಲುವು. ಅವರು ವ್ಯಾಟಿಕನ್ ವೀಕ್ಷಣಾಲಯದ ಮುಖ್ಯಸ್ಥರಾಗಿದ್ದ ಜೆಸ್ವಿಟ್ ಪಾದ್ರಿ ಡೇನಿಯಲ್ ಓಕಾನೆಲ್ ಅವರೊಂದಿಗೆ ಈ ವಿಷಯ ಚರ್ಚಿಸಿದರು. 1952ರಲ್ಲಿ ರೋಮ್‌ಗೆ ಬಂದ ಖಗೋಳ ವಿಜ್ಞಾನಿಗಳ ಮುಂದೆ ಮಾತನಾಡಿದಾಗ ಪೋಪ್ ಆ ವಾದವನ್ನು ಮತ್ತೆ ಎತ್ತಲಿಲ್ಲ.

ನಮ್ಮ ಅಕೌಂಟೆನ್ಸಿಯ ಪಾಠ

ಕಾಮರ್ಸ್ ವಿದ್ಯಾರ್ಥಿಗೆ ಇದು ಬೇಗ ಅರ್ಥವಾಗುತ್ತದೆ. ಬಿಸಿನೆಸ್ ಎಂಟಿಟಿ ಕಾನ್ಸೆಪ್ಟ್ ಪ್ರಕಾರ ಮಾಲೀಕನ ಲೆಕ್ಕ ಬೇರೆ, ಅಂಗಡಿಯ ಲೆಕ್ಕ ಬೇರೆ. ಮನುಷ್ಯ ಒಬ್ಬನೇ, ಎರಡು ಲೆಕ್ಕದಲ್ಲೂ ಅವನು ಪ್ರಾಮಾಣಿಕನಾಗಿರಬೇಕು. ಆದರೆ ಮನೆಯ ಖರ್ಚನ್ನು ಅಂಗಡಿಯ ಖರ್ಚೆಂದು ಬರೆದರೆ ಎರಡೂ ಕೆಡುತ್ತವೆ. ಲೆಮೈತ್ರ್ ಕೊನೆಯವರೆಗೂ ಪಾದ್ರಿಯೂ ಆಗಿದ್ದರು, ವಿಜ್ಞಾನಿಯೂ ಆಗಿದ್ದರು. ಒಂದರ ಎಂಟ್ರಿಯನ್ನು ಇನ್ನೊಂದರಲ್ಲಿ ಹಾಕಲಿಲ್ಲ.

ಅವರ ಸಿದ್ಧಾಂತಕ್ಕೆ ದೊಡ್ಡ ಪುರಾವೆ ಸಿಕ್ಕಿದ್ದು 1964ರಲ್ಲಿ, ಆಕಾಶದ ಎಲ್ಲ ದಿಕ್ಕಿನಿಂದಲೂ ಬರುವ ಹಳೆಯ ವಿಕಿರಣದ ರೂಪದಲ್ಲಿ. 1966ರಲ್ಲಿ ತೀರಿಕೊಳ್ಳುವ ಸ್ವಲ್ಪ ಮೊದಲು ಅವರಿಗೆ ಆ ಸುದ್ದಿ ತಿಳಿಯಿತು. ಪುರಾವೆ ಬಂದದ್ದು ದೂರದರ್ಶಕ ಮತ್ತು ಗಣಿತದಿಂದ, ಭಾಷಣದಿಂದಲ್ಲ.

ಕೊನೆಯ ಮಾತು

ಆಕಾಶ ಭೂಮಿಗಳನ್ನು ನೋಡಿ ಚಿಂತಿಸಿರಿ ಎಂದು ಕುರ್‌ಆನ್ ನಮಗೆ ಹೇಳುತ್ತದೆ. ಹಾಗೆ ಚಿಂತಿಸಲು ಕಷ್ಟಪಟ್ಟು ಓದಬೇಕು. ವಿಡಿಯೊ ಫಾರ್ವರ್ಡ್ ಮಾಡಿದರೆ ಆಗುವುದಿಲ್ಲ. ಈದ್‌ನ ಚಂದ್ರ ಯಾವ ಸಂಜೆ ಎಲ್ಲಿರುತ್ತಾನೆ ಎಂದು ಲೆಕ್ಕ ಹಾಕಿ ಹೇಳಬಹುದು. ನಾನು ಯಾಕೆ ರೋಜಾ ಇಟ್ಟೆ ಎಂದು ಆ ಲೆಕ್ಕ ಹೇಳುವುದಿಲ್ಲ.

ಗೆಳೆಯನಿಗೆ ಈಗ ಉತ್ತರ ಕೊಟ್ಟಿದ್ದೇನೆ: "ಸಿದ್ಧಾಂತ ಬದಲಾದರೆ ಹೊಸದನ್ನು ಓದ್ತೀನಿ. ನನ್ನ ಈಮಾನ್ ಆ ವಿಡಿಯೊ ಮೇಲೆ ನಿಂತಿಲ್ಲ." ದಾದಾಗೂ ಲೆಮೈತ್ರ್ ಕಥೆ ಹೇಳಿದೆ. ಪೂರ್ತಿ ಕೇಳಿ, "ಆ ಪಾದ್ರಿ ತನ್ನ ದೊಡ್ಡವರಿಗೆ ಅದಬ್ ಬಿಡದೆ ಸತ್ಯ ಹೇಳಿದ" ಎಂದರು. ಅವರು ಹಿಡಿದ ಪಾಠ ನನ್ನದಕ್ಕಿಂತ ದೊಡ್ಡದು.

ಚರ್ಚೆಗೆ ಎರಡು ಪ್ರಶ್ನೆಗಳು:
1. ತನ್ನ ಸಿದ್ಧಾಂತವನ್ನು ಹೊಗಳಿದಂತಿದ್ದ ಭಾಷಣದಿಂದ ಲೆಮೈತ್ರ್‌ಗೆ ಚಿಂತೆಯಾದದ್ದೇಕೆ?
2. ನೀವು ಕೊನೆಯದಾಗಿ ಫಾರ್ವರ್ಡ್ ಮಾಡಿದ ವಿಜ್ಞಾನದ ಸಂದೇಶ ನಿಜವೇ ಎಂದು ನೋಡಿದ್ದಿರಾ?

(ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ)