ದಾದಾನ ಊರು: ಉಪಗ್ರಹ ನಕ್ಷೆಯಲ್ಲಿ ಹಳೆಯ ಊರನ್ನು ಹುಡುಕುವ ಬಗೆ



ಕಳೆದ ವರ್ಷ ಭೂಗೋಳ ಪ್ರಾಯೋಗಿಕ ತರಗತಿಯಲ್ಲಿ ದೂರಸಂವೇದಿ ಪಾಠ ಮುಗಿದ ದಿನ ನಮ್ಮ ಮೇಡಂ ಒಂದು ಕೆಲಸ ಕೊಟ್ಟರು. "ನಿಮ್ಮ ಹಿರಿಯರ ಊರನ್ನು ಉಪಗ್ರಹ ನಕ್ಷೆಯಲ್ಲಿ ಹುಡುಕಿ, ಒಂದು ಪುಟ ಬರೆದು ತನ್ನಿ." ಗೆಳತಿಯರು ಹತ್ತು ನಿಮಿಷದಲ್ಲಿ ಮುಗಿಸಿದರು. ನನಗೆ ಏಳು ತಿಂಗಳು ಹಿಡಿಯಿತು. ಏಕೆಂದರೆ ನನ್ನ ದಾದಾನ ಊರು ಈಗ ನೀರಿನಲ್ಲಿದೆ.

ಆ ಊರು ಬಾಗಲಕೋಟೆಯ ಹತ್ತಿರ, ಘಟಪ್ರಭೆಯ ದಂಡೆಯ ಮೇಲಿತ್ತು. ಘಟಪ್ರಭೆ ಮುಂದೆ ಹರಿದು ಚಿಕ್ಕಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಅದರ ಕೆಳಗೆ ಆಲಮಟ್ಟಿ ಅಣೆಕಟ್ಟು. 1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಅದಕ್ಕೆ ಶಂಕುಸ್ಥಾಪನೆ ಮಾಡಿದರು. ಜಲಾಶಯಕ್ಕೆ ಈಗ ಅವರದೇ ಹೆಸರು. 2000ನೇ ಇಸವಿಯಲ್ಲಿ ಸುಪ್ರೀಂ ಕೋರ್ಟು 519.6 ಮೀಟರ್ ಎತ್ತರದವರೆಗೆ ನೀರು ನಿಲ್ಲಿಸಲು ಒಪ್ಪಿಗೆ ಕೊಟ್ಟಿತು. ಆ ಮಟ್ಟಕ್ಕೆ ನೀರು ಬಂದಾಗ ಹಿನ್ನೀರು ಘಟಪ್ರಭೆಯ ಕಣಿವೆಯೊಳಗೂ ನುಗ್ಗಿ, ಹಳೆಯ ಬಾಗಲಕೋಟೆಯ ತಗ್ಗು ಭಾಗವನ್ನೂ ಸುತ್ತಲಿನ ಅನೇಕ ಹಳ್ಳಿಗಳನ್ನೂ ಮುಳುಗಿಸಿತು. ಬಾಗಲಕೋಟೆಗೆ ನವನಗರ ಬಂತು. ಹಳ್ಳಿಗಳಿಗೆ ಪುನರ್ವಸತಿ ಕೇಂದ್ರಗಳು ಬಂದವು.

ಊರು ಎತ್ತಂಗಡಿ ಆದಾಗ ದಾದಾ ಗೋವಾದಲ್ಲಿ ಕಟ್ಟಡದ ಕೆಲಸಕ್ಕಿದ್ದರು. ಮನೆಯ ತೊಲೆ, ಕಂಬ, ಬಾಗಿಲುಗಳನ್ನು ಕಿತ್ತು ಟ್ರ್ಯಾಕ್ಟರಿನಲ್ಲಿ ಹೇರಿ ತಂದವರು ಅವರ ತಮ್ಮ, ಅಂದರೆ ನಮ್ಮ ಚೋಟೇ ದಾದಾ. ದಾದಾ ಮರಳಿ ಬರುವ ಹೊತ್ತಿಗೆ ಊರಿನ ಮೇಲೆ ನೀರಿತ್ತು. ಅವರ ತಾಯಿಯ ಕಬರು ಅಲ್ಲಿಯೇ ಉಳಿಯಿತು. "ಅಮ್ಮನಿಗೆ ಹೋಗಿ ಬರ್ತೀನಿ ಅಂತ ಹೇಳಲಿಲ್ಲ" ಎಂಬ ಮಾತನ್ನು ನಾನು ಚಿಕ್ಕಂದಿನಿಂದ ಕೇಳುತ್ತಾ ಬೆಳೆದಿದ್ದೇನೆ. ಹಾಗಾಗಿ ಮೇಡಂ ಕೊಟ್ಟ ಕೆಲಸ ನನಗೆ ಬರೀ ಅಂಕದ ಮಾತಾಗಿರಲಿಲ್ಲ.

ಮೊದಲ ತಪ್ಪು: ಹೆಸರನ್ನು ನಂಬಿದ್ದು

ನಾನು ಮೊದಲು ಮಾಡಿದ್ದು ಎಲ್ಲರೂ ಮಾಡುವುದನ್ನೇ. ಮೊಬೈಲಿನ ನಕ್ಷೆಯಲ್ಲಿ ಊರಿನ ಹೆಸರು ಬರೆದೆ. ತಕ್ಷಣ ಊರು ಸಿಕ್ಕಿತು! ಖುಷಿಯಿಂದ ದಾದಾನ ಬಳಿ ಓಡಿದೆ. ಅವರು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. ಮನೆಯಲ್ಲಿ ನಾವು ದಖನಿ ಮಾತಾಡಿದರೂ ಊರಿನ ವಿಷಯ ಬಂದರೆ ದಾದಾ ಕನ್ನಡಕ್ಕೇ ಇಳಿಯುತ್ತಾರೆ.

"ಇದು ನಮ್ಮೂರಲ್ಲ ಬೇಟಿ. ನಮ್ಮೂರ ಓಣಿ ಇಷ್ಟ ನೆಟ್ಟಗ ಇರಲಿಲ್ಲ."

ಅವರ ಮಾತು ಸರಿಯಾಗಿತ್ತು. ನಾನು ನೋಡಿದ್ದು ಪುನರ್ವಸತಿ ಕೇಂದ್ರ. ಹೊಸ ಊರು ಹಳೆಯ ಹೆಸರನ್ನೇ ಇಟ್ಟುಕೊಂಡಿದೆ. ನಕ್ಷೆಗೆ ಹೆಸರು ಗೊತ್ತು, ಇತಿಹಾಸ ಗೊತ್ತಿಲ್ಲ. ಸಾಲಾಗಿ ಒಂದೇ ಅಳತೆಯ ನಿವೇಶನಗಳು, ಕೋನ ಹಿಡಿದು ಎಳೆದಂಥ ರಸ್ತೆಗಳು ಕಂಡರೆ ಅದು ಯಾರೋ ಯೋಜನೆ ಮಾಡಿ ಕಟ್ಟಿದ ಊರು ಎಂದು ತಿಳಿಯಬೇಕು. ನೂರಾರು ವರ್ಷ ತಾನಾಗಿ ಬೆಳೆದ ಹಳ್ಳಿಯ ಓಣಿಗಳು ಬಾವಿ, ಅಗಸಿ, ಹೊಳೆಯ ಇಳಿಜಾರು ನೋಡಿಕೊಂಡು ಬಾಗುತ್ತವೆ.

ದಾದಾನ ನಕ್ಷೆ

ಮೇಡಂ ಹೇಳಿದರು: "ಹೆಸರು ಬಿಡು. ಮೊದಲು ಊರನ್ನು ಬಲ್ಲವರಿಂದ ನಕ್ಷೆ ಬರೆಸು." ಹಳೆಯ ಕ್ಯಾಲೆಂಡರಿನ ಹಿಂಬದಿಯ ಹಾಳೆ ಕೊಟ್ಟೆ. ದಾದಾ ಮೊದಲು ಹೊಳೆ ಬರೆದರು. ಹೊಳೆ ಉತ್ತರಕ್ಕೆ. ಅಗಸಿ ಬಾಗಿಲು ಮೂಡಲಕ್ಕೆ. ಊರ ನಡುವೆ ಮಸೀದಿ, ಅದರ ಮುಂದೆ ಬೇವಿನ ಗಿಡ, ಸಿಹಿನೀರಿನ ಬಾವಿ. ಹಣಮಪ್ಪನ ಗುಡಿ ದಾಟಿ ಪಡುವಣಕ್ಕೆ ನಡೆದರೆ ಕಬರಸ್ತಾನ, ಅದರ ಮೂಲೆಯಲ್ಲಿ ದೊಡ್ಡ ಹುಣಸೆ ಮರ.

"ಮಸೀದಿಯಿಂದ ಕಬರಸ್ತಾನ ಎಷ್ಟು ದೂರ ದಾದಾ?" ಎಂದು ಕೇಳಿದೆ.

"ಒಂದ ಬೀಡಿ ಸೇದಿ ಮುಗಸೋದ್ರಾಗ ಮುಟ್ಟತಿದ್ವಿ."

ನಾನು ನಕ್ಕೆ. ಆದರೆ ಇದೂ ಅಳತೆಯೇ. ನಾಲ್ಕು ನಿಮಿಷ ಎಂದಿಟ್ಟುಕೊಂಡರೆ ಹಿರಿಯರ ನಡಿಗೆಯಲ್ಲಿ ಸುಮಾರು 300 ಮೀಟರ್ ಆಗುತ್ತದೆ. ಇದನ್ನು ಬರೆದಿಟ್ಟುಕೊಂಡೆ.

ಚಿತ್ರದ ದಿನಾಂಕ ನೋಡುವುದು

ಕಾಲೇಜಿನ ಕಂಪ್ಯೂಟರಿನಲ್ಲಿ ಗೂಗಲ್ ಅರ್ಥ್ ಪ್ರೊ ಇದೆ. ಇದು ಉಚಿತ. ಮೇಲಿನ ಸಾಲಿನಲ್ಲಿ ಗಡಿಯಾರದ ಗುರುತು ಒತ್ತಿದರೆ ಒಂದು ಪಟ್ಟಿ ಬರುತ್ತದೆ. ಅದನ್ನು ಹಿಂದಕ್ಕೆ ಎಳೆದರೆ ಅದೇ ಜಾಗದ ಹಳೆಯ ಚಿತ್ರಗಳು ಕಾಣುತ್ತವೆ. 1980ರ ದಶಕದವರೆಗೆ ಹೋಗಬಹುದು ಎಂದು ತಿಳಿದಾಗ, ಇನ್ನೇನು ದಾದಾನ ಮನೆ ಕಂಡೇ ಬಿಟ್ಟಿತು ಎಂದುಕೊಂಡೆ.

ಆದರೆ ಹಾಗಾಗಲಿಲ್ಲ. ಆ ಕಾಲದ ಚಿತ್ರಗಳು ಹೆಚ್ಚಾಗಿ ಲ್ಯಾಂಡ್‌ಸ್ಯಾಟ್ ಉಪಗ್ರಹದವು. 1984ರಲ್ಲಿ ಹಾರಿದ ಲ್ಯಾಂಡ್‌ಸ್ಯಾಟ್-5 ಹದಿನಾರು ದಿನಕ್ಕೊಮ್ಮೆ ಅದೇ ಜಾಗದ ಮೇಲೆ ಬರುತ್ತಿತ್ತು. ಅದರ ಚಿತ್ರದ ಒಂದು ಚೌಕ ನೆಲದ ಮೇಲೆ 30 ಮೀಟರ್ ಉದ್ದ, 30 ಮೀಟರ್ ಅಗಲ, ಅಂದರೆ 900 ಚದರ ಮೀಟರ್. ಆ ಒಂದು ಚೌಕದೊಳಗೆ ದಾದಾನ ಮನೆ, ಪಕ್ಕದ ಎರಡು ಮನೆ, ಓಣಿ, ಬೇವಿನ ಗಿಡ ಎಲ್ಲ ಸೇರಿ ಒಂದೇ ಬಣ್ಣವಾಗಿಬಿಡುತ್ತವೆ. ಇಡೀ ಊರು ಹೊಳೆಯ ದಂಡೆಯಲ್ಲಿ ಒಂದು ಬೂದು ಮಚ್ಚೆಯಂತೆ ಕಂಡಿತು.

ಆದರೂ ಆ ಮಚ್ಚೆ ವ್ಯರ್ಥವಾಗಲಿಲ್ಲ. 1990ರ ದಶಕದ ಚಿತ್ರದಲ್ಲಿ ಮಚ್ಚೆ ಇದ್ದ ಜಾಗ, ಈಗಿನ ಚಿತ್ರದಲ್ಲಿ ನೀರು. ಅಂದರೆ ಊರು ಇದ್ದದ್ದು ಅಲ್ಲಿಯೇ. ಮಚ್ಚೆಯ ನಡುವೆ ಒಂದು ಪಿನ್ ಊರಿದೆ.

ಇನ್ನು ಮುಂದೆ ಹೇಗೆ? ಸ್ಪಷ್ಟ ಚಿತ್ರಗಳು ಬಂದದ್ದು ಊರು ಮುಳುಗಿದ ಮೇಲೆ. ಒಂದು ವಾರ ಸುಮ್ಮನೆ ನೀರನ್ನೇ ನೋಡಿದೆ. ಆಮೇಲೆ ಒಂದು ಸರಳ ವಿಷಯ ಹೊಳೆಯಿತು. ನಾನು ವರ್ಷ ನೋಡುತ್ತಿದ್ದೆ, ತಿಂಗಳು ನೋಡುತ್ತಿರಲಿಲ್ಲ! ಜಲಾಶಯ ಮಳೆಗಾಲದಲ್ಲಿ ತುಂಬುತ್ತದೆ. ಕಾಲುವೆಗೆ, ಕುಡಿಯಲು, ವಿದ್ಯುತ್ತಿಗೆ ಬಿಡುತ್ತಾ ಬಂದು ಮೇ ತಿಂಗಳ ಹೊತ್ತಿಗೆ ನೀರು ಕೆಳಗಿಳಿಯುತ್ತದೆ. ಅಕ್ಟೋಬರ್ ಚಿತ್ರ ಬಿಟ್ಟು ಮೇ ತಿಂಗಳ ಚಿತ್ರ ತೆರೆದೆ. ನೀರು ಹಿಂದೆ ಸರಿದಿತ್ತು. ನೆಲದ ಮೇಲೆ ಸಣ್ಣ ಗೆರೆಗಳು ಕಂಡವು. ಅವು ಗೋಡೆಗಳ ಬುನಾದಿ. ಗೆರೆಗಳ ನಡುವೆ ಬಾಗಿದ ಖಾಲಿ ಪಟ್ಟಿಗಳು ಓಣಿಗಳು.

ಕೈ ನಡುಗಿತು ಎಂದರೆ ಸುಳ್ಳಲ್ಲ.

ಮಸೀದಿಯನ್ನು ಗುರುತಿಸಿದ ಬಗೆ

ಬುನಾದಿಗಳ ರಾಶಿಯಲ್ಲಿ ಯಾವುದು ಯಾವುದು? ಇಲ್ಲಿ ನಮ್ಮೆಲ್ಲರಿಗೂ ಗೊತ್ತಿರುವ ಒಂದು ಸಂಗತಿ ಕೈಹಿಡಿಯಿತು. ಮನೆಗಳು ಓಣಿಯನ್ನು ನೋಡಿ ನಿಲ್ಲುತ್ತವೆ, ಮಸೀದಿ ಕಿಬ್ಲಾ ನೋಡಿ ನಿಲ್ಲುತ್ತದೆ. ಬಾಗಲಕೋಟೆಯಿಂದ ಮಕ್ಕಾದ ದಿಕ್ಕು ಪಶ್ಚಿಮದಿಂದ ಸುಮಾರು 14 ಡಿಗ್ರಿ ಉತ್ತರಕ್ಕೆ ಬರುತ್ತದೆ. ಇದನ್ನು ಎರಡೂ ಸ್ಥಳಗಳ ಅಕ್ಷಾಂಶ ರೇಖಾಂಶ ಇಟ್ಟು ಗಣಿತದ ಸರ್ ಸಹಾಯದಿಂದ ಲೆಕ್ಕ ಹಾಕಿದೆವು. ಗೂಗಲ್ ಅರ್ಥ್‌ನಲ್ಲಿರುವ ಅಳತೆಪಟ್ಟಿ ಎಳೆದರೆ ಉದ್ದದ ಜೊತೆಗೆ ದಿಕ್ಕನ್ನೂ ಡಿಗ್ರಿಯಲ್ಲಿ ತೋರಿಸುತ್ತದೆ.

ಆ ಊರಿನ ಓಣಿಗಳು ಹೊಳೆಯ ಇಳಿಜಾರಿಗೆ ಓರೆಯಾಗಿದ್ದವು, ಮನೆಗಳೂ ಹಾಗೆಯೇ. ಒಂದೇ ಒಂದು ಬುನಾದಿ ಮಾತ್ರ ಉಳಿದವುಗಳಿಗೆ ಹೊಂದದೆ ಪಶ್ಚಿಮಕ್ಕೆ ಮುಖ ಮಾಡಿತ್ತು. ಅಳೆದಾಗ 278 ಡಿಗ್ರಿ ಬಂತು. 284 ಬರಬೇಕಿತ್ತಲ್ಲ ಎಂದು ದಾದಾನನ್ನು ಕೇಳಿದೆ. "ಆಗ ಯಾರ ಹತ್ರ ಕಂಪಾಸ್ ಇತ್ತು? ಹೊತ್ತು ಮುಳಗೋ ದಿಕ್ಕ ನೋಡಿ ಕಟ್ಟಿರಬೇಕು" ಎಂದರು. ಅದರ ಮುಂದೆ ಒಂದು ಕಪ್ಪು ಗುಂಡು ಚುಕ್ಕೆ. "ಬಾವಿ!" ಎಂದು ದಾದಾ ಪರದೆಗೆ ಬೆರಳು ಹಚ್ಚಿದರು. ಆಮೇಲೆ ನಾನು ಕೇಳುವುದೇ ಬೇಕಾಗಲಿಲ್ಲ. ಇದು ಬಡಿಗೇರ ಓಣಿ, ಇದು ಅಗಸಿ, ಇಲ್ಲಿ ಹಗೇವು ಇತ್ತು ಎಂದು ಒಂದೊಂದೇ ಹೇಳುತ್ತಾ ಹೋದರು. ಅವರ ಹಳೆಯ ಮನೆಗೆ ನಾನು ಹೋದದ್ದು ಅಂದೇ ಮೊದಲು.

ಮಸೀದಿಯಿಂದ ಪಡುವಣಕ್ಕೆ ಅಳತೆಪಟ್ಟಿ ಎಳೆದೆ. ಸುಮಾರು 310 ಮೀಟರ್ ದೂರದಲ್ಲಿ ಒಂದು ಮೂಲೆಗೋಡೆಯಂಥ ಗೆರೆ ಕಂಡಿತು. ಒಂದು ಬೀಡಿಯ ದೂರ! ಅಲ್ಲಿ ಎರಡನೆಯ ಪಿನ್ ಊರಿದೆ.

ನೆಲದ ಮೇಲೆ ಹೋಗಿ ನೋಡಿದ್ದು

ಪರೀಕ್ಷೆ ಮುಗಿದ ಮೇಲೆ, ಮೇ ತಿಂಗಳ ಒಂದು ಬೆಳಿಗ್ಗೆ ಅಬ್ಬಾ, ದಾದಾ, ಚೋಟೇ ದಾದಾ ಮತ್ತು ನಾನು ಹೊರಟೆವು. ಜಲಾಶಯದ ಅಂಚಿನವರೆಗೆ ಆಟೋ, ಅಲ್ಲಿಂದ ನಡಿಗೆ. ಕೆಸರು ಒಣಗಿ ಬಿರುಕು ಬಿಟ್ಟಿತ್ತು. ಕುರಿ ಕಾಯುವವರೊಬ್ಬರು ಹಸಿ ಇರುವ ಕಡೆ ಕಾಲಿಡಬೇಡಿ ಎಂದು ದಾರಿ ತೋರಿಸಿದರು.

ಮೊಬೈಲಿನ ನೀಲಿ ಚುಕ್ಕೆ ನನ್ನ ಪಿನ್ನಿನ ಮೇಲೆ ಬಂದು ನಿಂತಿತು. "ಇಲ್ಲೇ ದಾದಾ" ಎಂದೆ. ದಾದಾ ಸುತ್ತ ನೋಡಿದರು. ಏನೂ ಮಾತಾಡದೆ ಕೋಲು ಊರುತ್ತಾ ಬಲಕ್ಕೆ ನಡೆದರು. ನಾನು ಹೆಜ್ಜೆ ಎಣಿಸಿದೆ, ಸುಮಾರು ನಲವತ್ತು. ಅಲ್ಲಿ ಹೂಳಿನಿಂದ ಒಂದು ಗೇಣು ಮೇಲೆ ಎದ್ದ ಕರೀ ಮರದ ಬೊಡ್ಡೆ ಇತ್ತು. "ಹುಣಸಿ" ಎಂದರು. ಚೋಟೇ ದಾದಾ ತಲೆಯಾಡಿಸಿದರು. ನಾನು ಕಬರಸ್ತಾನದ ಗೋಡೆ ಎಂದು ತಿಳಿದದ್ದು ಪಕ್ಕದ ಹೊಲದ ಒಡ್ಡು.

ಕಬರು ಕಾಣಲಿಲ್ಲ. ಎಲ್ಲದರ ಮೇಲೂ ಹೂಳು ಕೂತಿತ್ತು. ಆದರೆ ಬೊಡ್ಡೆಯಿಂದ ಎಷ್ಟು ದೂರ, ಯಾವ ಕಡೆ ಎಂದು ದಾದಾಗೆ ಗೊತ್ತಿತ್ತು. ಅವರು ಅಲ್ಲಿ ನಿಂತು ಕೈ ಎತ್ತಿ ಫಾತಿಹಾ ಓದಿದರು. ನಾವೂ ಓದಿದೆವು. ಮರಳುವಾಗ ದಾದಾ ನೆಲದ ಕಡೆ ನೋಡಿ, "ಹೋಗಿ ಬರ್ತೀನಿ ಅಮ್ಮಾ" ಎಂದರು.

ದೂರಸಂವೇದಿ ಪಾಠದಲ್ಲಿ "ಕ್ಷೇತ್ರ ಪರಿಶೀಲನೆ" ಎಂಬ ಮಾತು ಬರುತ್ತದೆ. ಚಿತ್ರದಲ್ಲಿ ಕಂಡದ್ದನ್ನು ನೆಲದ ಮೇಲೆ ಹೋಗಿ ಒರೆಗೆ ಹಚ್ಚುವುದು ಎಂದು ಅದರ ಅರ್ಥ. ಎರಡು ಅಂಕದ ಆ ಉತ್ತರ ನನಗೆ ಅಂದು ಅರ್ಥವಾಯಿತು. ನನ್ನ ತಪ್ಪು ಸುಮಾರು 30 ಮೀಟರ್, ಲ್ಯಾಂಡ್‌ಸ್ಯಾಟ್‌ನ ಒಂದೇ ಒಂದು ಚೌಕ. ಅದನ್ನು ತಿದ್ದಿದ್ದು ದಾದಾನ ನೆನಪು.

ನೀವೂ ಮಾಡಿ ನೋಡಿ

ನಿಮ್ಮ ಹಿರಿಯರ ಊರು ಮುಳುಗಿರಬೇಕೆಂದಿಲ್ಲ. ಬಿಟ್ಟು ಬಂದ ಯಾವ ಊರಾದರೂ ಸರಿ. ನಾನು ಕಲಿತದ್ದನ್ನು ಇಲ್ಲಿ ಕೊಡುತ್ತಿದ್ದೇನೆ.

1. ಕಂಪ್ಯೂಟರ್ ತೆರೆಯುವ ಮೊದಲು ಹಿರಿಯರಿಂದ ಕೈನಕ್ಷೆ ಬರೆಸಿ. ಹೊಳೆ, ಕೆರೆ, ಗುಡ್ಡ, ಬಾವಿ, ಮಸೀದಿ, ಗುಡಿ, ಇವು ಬೇಗ ಬದಲಾಗುವುದಿಲ್ಲ. ಅಂಗಡಿ, ರಸ್ತೆಗಳು ಬದಲಾಗುತ್ತವೆ.

2. ಹೆಸರಿನಿಂದ ಹುಡುಕಿದರೂ ಹೆಸರನ್ನು ಪೂರ್ತಿ ನಂಬಬೇಡಿ. ಒಂದೇ ಹೆಸರಿನ ಊರುಗಳು ಬಹಳ ಇವೆ. ಭಾರತೀಯ ಸರ್ವೇಕ್ಷಣಾ ಇಲಾಖೆಯ ಸ್ಥಳಾಕೃತಿ ನಕ್ಷೆಗಳ ಜೊತೆ ಹೋಲಿಸಿ. ಇಸ್ರೋದ ಭುವನ್ ತಾಣವೂ 2009ರಿಂದ ಇದೆ.

3. ಪ್ರತಿ ಚಿತ್ರದ ದಿನಾಂಕ ಬರೆದುಕೊಳ್ಳಿ. ವರ್ಷದಷ್ಟೇ ತಿಂಗಳೂ ಮುಖ್ಯ.

4. ಬಣ್ಣಕ್ಕೆ ಮೋಸ ಹೋಗಬೇಡಿ. ನಮ್ಮ ಭಾಗದ ಎರೆಭೂಮಿ ಮಳೆಯಲ್ಲಿ ನೆನೆದರೆ ಮೇಲಿನಿಂದ ನೀರಿನ ಹಾಗೆಯೇ ಕಪ್ಪಗೆ ಕಾಣುತ್ತದೆ. ಮಣ್ಣು ಬೆರೆತ ಹೊಳೆ ನೀರು ಹೊಲದ ಬಣ್ಣದಲ್ಲಿರುತ್ತದೆ.

5. ಪರದೆಯ ಕೆಳಗೆ ಕಾಣುವ ಎತ್ತರದ ಅಂಕಿ ಅಂದಾಜು ಮಾತ್ರ. ಊರು ಎಷ್ಟು ನೀರಿನಡಿ ಇದೆ ಎಂದು ಅದರಿಂದ ಲೆಕ್ಕ ಹಾಕಬೇಡಿ. ಹಲವು ಮೀಟರ್ ತಪ್ಪಿರಬಹುದು.

6. ಸಿಕ್ಕಿದ ಜಾಗದ ಅಕ್ಷಾಂಶ, ರೇಖಾಂಶ ಬರೆದಿಡಿ. ಅಕ್ಷಾಂಶದ ಒಂದು ಸೆಕೆಂಡ್ ನೆಲದ ಮೇಲೆ ಸುಮಾರು 31 ಮೀಟರ್. ಆದ್ದರಿಂದ ಡಿಗ್ರಿ, ಮಿನಿಟ್ ಬರೆದು ಸೆಕೆಂಡ್ ಬಿಟ್ಟರೆ ಮನೆ ಸಿಗುವುದಿಲ್ಲ.

7. ಹೋಗುವುದಾದರೆ ಹಿರಿಯರೊಂದಿಗೆ, ಸ್ಥಳೀಯರನ್ನು ಕೇಳಿಕೊಂಡು ಹೋಗಿ. ಜಲಾಶಯದ ಹೂಳು ಮೇಲೆ ಒಣಗಿದಂತೆ ಕಂಡರೂ ಒಳಗೆ ಹಸಿ ಇರುತ್ತದೆ.

ಕೊನೆಯದಾಗಿ ಒಂದು ಮಾತು. ಉಪಗ್ರಹದ ಚಿತ್ರಗಳು ಎಲ್ಲಿಗೂ ಹೋಗುವುದಿಲ್ಲ, ಮುಂದಿನ ವರ್ಷವೂ ನೋಡಬಹುದು. ಆದರೆ ಆ ಗೆರೆ ಗೋಡೆಯೋ ಒಡ್ಡೋ ಎಂದು ಹೇಳಬಲ್ಲವರಿಗೆ ಈಗ ಎಪ್ಪತ್ತು, ಎಂಬತ್ತು ವರ್ಷ. ಈ ರಜೆಯಲ್ಲಿ ಒಂದು ಸಂಜೆ ಅವರ ಪಕ್ಕ ಕುಳಿತು, ಒಂದು ಹಾಳೆ ಮತ್ತು ಪೆನ್ಸಿಲ್ ಕೊಟ್ಟು, "ನಿಮ್ಮೂರು ಹೇಗಿತ್ತು?" ಎಂದು ಕೇಳಿ. ಮೇ ತಿಂಗಳು ಮತ್ತೆ ಬರುತ್ತದೆ. ದಾದಾ ಈಗಲೇ ದಿನ ಎಣಿಸುತ್ತಿದ್ದಾರೆ.

— ವಿದ್ಯಾರ್ಥಿನಿ, ದ್ವಿತೀಯ ಪಿ.ಯು.ಸಿ., ಕಲಾ ವಿಭಾಗ