ಓಡುವವರಿಗೆ ತಕ್ಕ ಇಯರ್‌ಫೋನ್

ಸಂಗೀತವನ್ನು ಕೇಳುತ್ತ ಓಡುವ ಅಭ್ಯಾಸವು ಬಹಳ ಹಳೆಯದೇನಲ್ಲ. ೧೯೭೯ನೆಯ ಇಸವಿಯ ಜುಲೈ ತಿಂಗಳಲ್ಲಿ ಜಪಾನಿನ ಸೋನಿ ಕಂಪೆನಿಯು ‘ವಾಕ್‌ಮನ್’ ಎಂಬ ಕ್ಯಾಸೆಟ್ ಯಂತ್ರವನ್ನು ಮಾರಾಟಕ್ಕೆ ತಂದಿತು. ಅಂದಿನಿಂದ ಸಂಗೀತವು ಸೊಂಟದ ಪಟ್ಟಿಯನ್ನೇರಿತು. ಇಂದು ನಸುಕಿನಲ್ಲಿ ಉಡುಪಿಯ ಅಜ್ಜರಕಾಡು ಕ್ರೀಡಾಂಗಣದಲ್ಲಾಗಲಿ, ಶಿರ್ವದಿಂದ ಕಟಪಾಡಿಗೆ ಹೋಗುವ ರಸ್ತೆಯಲ್ಲಾಗಲಿ ನೋಡಿದರೆ, ಕಿವಿಯಲ್ಲಿ ಇಯರ್‌ಫೋನ್ ಇಟ್ಟುಕೊಂಡು ಓಡುವ ತರುಣ ತರುಣಿಯರು ಕಾಣಸಿಗುತ್ತಾರೆ. ಕೊಳ್ಳುವಾಗ ಅವರಲ್ಲಿ ಹಲವರು ವಿಚಾರಿಸುವುದು ಬೆಲೆಯನ್ನು, ಬಣ್ಣವನ್ನು, ಹೆಚ್ಚೆಂದರೆ ಮಂದ್ರಸ್ವರಗಳು ಗಟ್ಟಿಯಾಗಿ ಕೇಳಿಸುತ್ತವೆಯೆ ಎಂಬುದನ್ನು. ಆದರೆ ಓಡುವವನಿಗೆ ಮುಖ್ಯವಾದ ಪ್ರಶ್ನೆಗಳು ಬೇರೆ ಎರಡುಂಟು: ಇದನ್ನು ಧರಿಸಿದಾಗ ಹೊರಗಿನ ಶಬ್ದವು ನನಗೆ ಎಷ್ಟು ಕೇಳಿಸುವುದು? ಒಳಗಿನ ಶಬ್ದವನ್ನು ನನ್ನ ಕಿವಿಯು ಎಷ್ಟು ಹೊತ್ತು ತಾಳಬಲ್ಲುದು? ಈ ಎರಡನ್ನೂ ಕ್ರಮವಾಗಿ ಪರಿಶೀಲಿಸೋಣ.

ಶಬ್ದದ ಲೆಕ್ಕ

ಇಯರ್‌ಫೋನ್ ಎಂಬುದು ಒಂದು ಪುಟ್ಟ ಧ್ವನಿವರ್ಧಕ. ಕಾಂತದ ಎಡೆಯಲ್ಲಿ ತೆಳುವಾದ ತಂತಿಯ ಸುರುಳಿ, ಸುರುಳಿಗೆ ಅಂಟಿದ ತೆಳು ಪೊರೆ. ವಿದ್ಯುತ್ತು ಹರಿದಂತೆ ಸುರುಳಿಯು ಹಿಂದೆಮುಂದೆ ಸರಿದು ಪೊರೆಯನ್ನು ನಡುಗಿಸುತ್ತದೆ. ದೊಡ್ಡ ಧ್ವನಿವರ್ಧಕವು ಕೋಣೆಯ ಗಾಳಿಯನ್ನೆಲ್ಲ ಅಲುಗಿಸಬೇಕು. ಇದಕ್ಕಾದರೋ ಕಿವಿಯ ನಾಳದ ಒಂದೆರಡು ಘನ ಸೆಂಟಿಮೀಟರ್ ಗಾಳಿಯನ್ನು ಅಲುಗಿಸಿದರೆ ಸಾಕು. ಆದುದರಿಂದ ಒಂದು ಮಿಲಿವ್ಯಾಟ್, ಅರ್ಥಾತ್ ವ್ಯಾಟಿನ ಸಾವಿರದಲ್ಲೊಂದು ಪಾಲು ಶಕ್ತಿಯಿಂದಲೇ ಅನೇಕ ಇಯರ್‌ಫೋನ್‌ಗಳು ಸುಮಾರು ೧೦೦ ಡೆಸಿಬೆಲ್ ಶಬ್ದವನ್ನು ಹುಟ್ಟಿಸಬಲ್ಲುವು. ಉಪಕರಣವು ಚಿಕ್ಕದೆಂದು ಅದರ ಶಬ್ದವೂ ಚಿಕ್ಕದೆಂದು ಬಗೆಯಬಾರದು.

ಡೆಸಿಬೆಲ್ ಮಾನವು ಲಾಗರಿತಮ್ ಕ್ರಮದ್ದು. ೩ ಡೆಸಿಬೆಲ್ ಏರಿದರೆ ಶಬ್ದದ ತೀವ್ರತೆಯು ಎರಡು ಪಟ್ಟಾಗುವುದು. ೧೦ ಏರಿದರೆ ಹತ್ತು ಪಟ್ಟು, ೨೦ ಏರಿದರೆ ನೂರು ಪಟ್ಟು. ಈ ಒಂದು ನಿಯಮವನ್ನು ನೆನಪಿನಲ್ಲಿಟ್ಟರೆ ಮುಂದಿನ ಲೆಕ್ಕಗಳೆಲ್ಲ ಸುಲಭ.

ಹಿಂದಿನಿಂದ ಬರುವ ಬಸ್ಸು

ಇಯರ್‌ಫೋನ್‌ಗಳಲ್ಲಿ ಮುಖ್ಯವಾಗಿ ಎರಡು ಜಾತಿ. ಕಿವಿಯ ನಾಳದೊಳಕ್ಕೆ ರಬ್ಬರಿನ ತುದಿಯನ್ನು ತೂರಿಸಿ ಬಿಗಿಯಾಗಿ ಮುಚ್ಚುವಂಥದು ಒಂದು. ನಾಳವನ್ನು ಮುಚ್ಚದೆ ಹೊರಗೇ ಕುಳಿತಿರುವಂಥದು ಇನ್ನೊಂದು. ಮೊದಲನೆಯದರಲ್ಲಿ ಗಾಳಿಯು ಸೋರುವುದಿಲ್ಲವಾಗಿ ಮಂದ್ರಸ್ವರಗಳು ತುಂಬಿ ಕೇಳುತ್ತವೆ. ಅಂಗಡಿಯಲ್ಲಿ ಅದು ಮನಸ್ಸನ್ನು ಗೆಲ್ಲುವುದು ಇದರಿಂದಲೇ. ಆದರೆ ಸಂಗೀತವನ್ನು ಒಳಗೆ ಹಿಡಿದಿಡುವ ಆ ಬಿರಟೆಯೇ ಹೊರಗಿನ ಶಬ್ದವನ್ನೂ ತಡೆಯುತ್ತದೆ. ಚೆನ್ನಾಗಿ ಹೊಂದಿ ಕುಳಿತರೆ ಸುಮಾರು ೨೦ ಡೆಸಿಬೆಲ್‌ನಷ್ಟು ತಡೆಯಬಲ್ಲುದು.

ರಸ್ತೆಯ ಮೇಲೆ ಇದರ ಅರ್ಥವೇನು? ಬಯಲಿನಲ್ಲಿ ಶಬ್ದದ ತೀವ್ರತೆಯು ದೂರದ ವರ್ಗಕ್ಕೆ ವಿಲೋಮವಾಗಿ ಇಳಿಯುತ್ತದೆ. ದೂರವು ಹತ್ತು ಪಟ್ಟಾದರೆ ತೀವ್ರತೆಯು ನೂರರಲ್ಲೊಂದು ಪಾಲು, ಅಂದರೆ ೨೦ ಡೆಸಿಬೆಲ್ ಕಡಿಮೆ. ಹಾಗಾದರೆ ಬರಿಗಿವಿಗೆ ೧೦೦ ಮೀಟರ್ ದೂರದಲ್ಲಿ ಎಷ್ಟು ಕೇಳಿಸುತ್ತಿತ್ತೋ, ಮುಚ್ಚಿದ ಕಿವಿಗೆ ಅಷ್ಟು ಕೇಳಿಸಬೇಕಾದರೆ ಬಸ್ಸು ೧೦ ಮೀಟರ್ ಹತ್ತಿರಕ್ಕೆ ಬಂದಿರಬೇಕು! ಗಂಟೆಗೆ ೬೦ ಕಿಲೋಮೀಟರ್ ವೇಗದಲ್ಲಿ ಬಸ್ಸು, ೯ ಕಿಲೋಮೀಟರ್ ವೇಗದಲ್ಲಿ ಓಟಗಾರ, ಇಬ್ಬರೂ ಒಂದೇ ದಿಕ್ಕಿಗೆ ಹೋಗುತ್ತಿದ್ದಾರೆ ಎನ್ನೋಣ. ಅವರ ಸಾಪೇಕ್ಷ ವೇಗವು ಗಂಟೆಗೆ ೫೧ ಕಿಲೋಮೀಟರ್, ಎಂದರೆ ಸೆಕೆಂಡಿಗೆ ಸುಮಾರು ೧೪ ಮೀಟರ್. ಬರಿಗಿವಿಯವನಿಗೆ ಪಕ್ಕಕ್ಕೆ ಸರಿಯಲು ೭ ಸೆಕೆಂಡು ಉಂಟು; ಕಿವಿ ಮುಚ್ಚಿದವನಿಗೆ ಮುಕ್ಕಾಲು ಸೆಕೆಂಡೂ ಇಲ್ಲ. ಇನ್ನು ಒಳಗೆ ಹಾಡಿನ ಗದ್ದಲವೂ ಕೂಡಿದರೆ ಹೇಳತಕ್ಕದ್ದೇನು? ಕಾಪು, ಕಟಪಾಡಿಗಳ ಮೂಲಕ ಸಾಗುವ ೬೬ನೆಯ ರಾಷ್ಟ್ರೀಯ ಹೆದ್ದಾರಿಯ ಮಗ್ಗುಲಲ್ಲಿ, ಅಥವಾ ತಿರುವುಗಳ ಒಳದಾರಿಗಳಲ್ಲಿ ಓಡುವವರು ಈ ಲೆಕ್ಕವನ್ನು ಮರೆಯಬಾರದು.

ಮುಚ್ಚಿದ ಕಿವಿಗೆ ಇನ್ನೊಂದು ತೊಡಕೂ ಉಂಟು. ಎರಡೂ ಕಿವಿಗಳನ್ನು ಬೆರಳಿನಿಂದ ಬಿಗಿಯಾಗಿ ಮುಚ್ಚಿ, ಹಿಮ್ಮಡಿಯನ್ನು ನೆಲಕ್ಕೆ ಊರಿ ನಾಲ್ಕು ಹೆಜ್ಜೆ ನಡೆದು ನೋಡಿ. ಹೆಜ್ಜೆಯ ಧಬಧಬ ಸದ್ದು ತಲೆಯೊಳಗೇ ಮೊಳಗುವುದು. ಎಲುಬುಗಳ ಮೂಲಕ ಬಂದು ನಾಳದಿಂದ ಹೊರಗೆ ಹೋಗಬೇಕಾಗಿದ್ದ ಕಂಪನವು ಅಲ್ಲಿಯೇ ಸಿಕ್ಕಿಬೀಳುವುದೇ ಇದಕ್ಕೆ ಕಾರಣ. ಓಡುವಾಗ ಪ್ರತಿಯೊಂದು ಹೆಜ್ಜೆಗೂ ಹೀಗಾಗುತ್ತದೆ. ತಂತಿಯುಳ್ಳ ಇಯರ್‌ಫೋನಾದರೆ, ತಂತಿಯು ಅಂಗಿಗೆ ಉಜ್ಜಿದ ಸದ್ದೂ ಕೂಡಿಕೊಳ್ಳುವುದು. ತಂತಿಯನ್ನು ಕಿವಿಯ ಮೇಲಿನಿಂದ ಸುತ್ತಿ ತಂದು ಅಂಗಿಗೆ ಸಿಕ್ಕಿಸಿಕೊಂಡರೆ ಅದು ತಗ್ಗುತ್ತದೆ.

ತೆರೆದ ಕಿವಿಯ ಅಪಾಯ

ಹಾಗಾದರೆ ತೆರೆದ ಜಾತಿಯೇ ಮೇಲಲ್ಲವೆ? ರಸ್ತೆಯಲ್ಲಿ ಓಡುವವರಿಗೆ ಮೇಲೇ ಸರಿ. ಆದರೆ ಅದಕ್ಕೆ ಒಂದು ಷರತ್ತುಂಟು. ಹೊರಗಿನ ಗದ್ದಲವೆಲ್ಲ ಒಳಬರುವುದರಿಂದ, ಹಾಡು ಕೇಳಿಸದೆ, ಓಟಗಾರನು ಶಬ್ದವನ್ನು ಏರಿಸುತ್ತ ಹೋಗುತ್ತಾನೆ. ಇದರ ಪೆಟ್ಟು ಬೀಳುವುದು ಒಳಗಿವಿಗೆ. ಅಲ್ಲಿಯ ಶಂಖದಂಥ ಸುರುಳಿಯೊಳಗೆ ಸುಮಾರು ೧೫,೦೦೦ ರೋಮಕೋಶಗಳಿವೆ. ಕಂಪನವನ್ನು ನರಗಳ ಸಂಕೇತವಾಗಿ ಮಾರ್ಪಡಿಸುವ ಕೆಲಸ ಅವುಗಳದು. ಅತಿಶಬ್ದದಿಂದ ಸತ್ತ ರೋಮಕೋಶವು ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ. ನಷ್ಟವು ನೋವಿಲ್ಲದೆ, ಸಾಮಾನ್ಯವಾಗಿ ತಾರಸ್ವರಗಳಿಂದ ಆರಂಭವಾಗುವುದರಿಂದ, ಬಹುಕಾಲ ಗೊತ್ತಾಗುವುದೂ ಇಲ್ಲ.

ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟಗಳು ಕೂಡಿ ೨೦೧೯ರಲ್ಲಿ ಪ್ರಕಟಿಸಿದ ಮಾನದಂಡದ ಪ್ರಕಾರ, ವಯಸ್ಕರು ವಾರಕ್ಕೆ ೪೦ ಗಂಟೆ ೮೦ ಡೆಸಿಬೆಲ್ ಶಬ್ದವನ್ನು ಕೇಳಬಹುದು. ಮಕ್ಕಳಿಗೆ ಈ ಮಿತಿಯು ೭೫ ಡೆಸಿಬೆಲ್. ಕಿವಿಗೆ ತಗಲುವ ಒಟ್ಟು ಶಕ್ತಿಯು ಮಿತಿಯಲ್ಲಿರಬೇಕಾದರೆ ಪ್ರತಿ ೩ ಡೆಸಿಬೆಲ್ ಏರಿಕೆಗೆ ಕಾಲವನ್ನು ಅರ್ಧ ಮಾಡಬೇಕು. ಆಗ ವಯಸ್ಕರಿಗೆ ೮೩ಕ್ಕೆ ೨೦ ಗಂಟೆ, ೮೬ಕ್ಕೆ ೧೦, ೮೯ಕ್ಕೆ ೫ ಗಂಟೆ. ೯೫ ಡೆಸಿಬೆಲ್ ಆದರೆ ಇಡೀ ವಾರಕ್ಕೆ ಒಂದೂಕಾಲು ಗಂಟೆ ಮಾತ್ರ. ದಿನಕ್ಕೆ ಮುಕ್ಕಾಲು ಗಂಟೆಯಂತೆ ವಾರದಲ್ಲಿ ಆರು ದಿನ ಓಡುವವನು ೯೫ ಡೆಸಿಬೆಲ್ ಇಟ್ಟುಕೊಂಡರೆ, ಎರಡನೆಯ ದಿನ ಮುಗಿಯುವಷ್ಟರಲ್ಲಿ ಅವನ ವಾರದ ಪಾಲು ತೀರಿರುತ್ತದೆ. ಇಂದಿನ ಹಲವು ಫೋನ್‌ಗಳು ಈ ಲೆಕ್ಕವನ್ನು ತಾವೇ ಇಟ್ಟು ತೋರಿಸುತ್ತವೆ. ಅದನ್ನು ನೋಡುವ ರೂಢಿ ಮಾಡಿಕೊಳ್ಳಬೇಕು.

ಕೆನ್ನೆಯೆಲುಬಿಗೆ ತಾಗಿ ಕುಳಿತು, ಎಲುಬಿನ ಕಂಪನದಿಂದ ಶಬ್ದವನ್ನು ಒಳಗಿವಿಗೆ ಮುಟ್ಟಿಸುವ ಜಾತಿಯೂ ಈಗ ಬಳಕೆಯಲ್ಲಿದೆ. ಶ್ರುತಿಕವೆಯನ್ನು ಮೀಟಿ ಅದರ ಬುಡವನ್ನು ಕಿವಿಯ ಹಿಂದಿನ ಎಲುಬಿಗೆ ಒತ್ತಿದಾಗ ಕೇಳಿಸುವಂತೆಯೇ ಇದು. ಇಲ್ಲಿ ನಾಳವು ಪೂರ್ತಿ ತೆರೆದಿರುತ್ತದೆ; ಮಂದ್ರಸ್ವರಗಳು ಮಾತ್ರ ಸಪ್ಪೆ. ಆದರೆ ಎಲುಬಿನ ದಾರಿಯಿಂದ ಬಂದರೂ ಶಬ್ದವು ಮುಟ್ಟುವುದು ಅವೇ ರೋಮಕೋಶಗಳನ್ನು ಎಂಬುದನ್ನು ಮರೆಯಬಾರದು.

ಬೆವರು, ಮಳೆ ಮತ್ತು ರೇಡಿಯೋ ತರಂಗ

ನಮ್ಮ ಕರಾವಳಿಯಲ್ಲಿ ವರ್ಷಕ್ಕೆ ಸುಮಾರು ೪,೦೦೦ ಮಿಲಿಮೀಟರ್ ಮಳೆ, ಮಳೆಯಿಲ್ಲದಾಗ ಬೆವರು. ಬೆವರಿನಲ್ಲಿ ಉಪ್ಪಿರುವುದರಿಂದ ಅದು ವಿದ್ಯುದ್ವಾಹಕ. ಒದ್ದೆಯಾಗಿರುವಾಗಲೇ ಚಾರ್ಜಿಗೆ ಇಟ್ಟರೆ ವಿದ್ಯುದ್ವಿಭಜನೆ ನಡೆದು ಲೋಹದ ಸಂಪರ್ಕಬಿಂದುಗಳು ಸವೆಯುತ್ತವೆ. ಪೆಟ್ಟಿಗೆಯ ಮೇಲೆ ‘ಐಪಿಎಕ್ಸ್ ೪’ ಎಂದಿದ್ದರೆ ಎಲ್ಲ ಕಡೆಯಿಂದ ಎರಚುವ ನೀರನ್ನು ತಾಳುವುದೆಂದೂ, ‘೭’ ಎಂದಿದ್ದರೆ ಒಂದು ಮೀಟರ್ ಆಳದ ನೀರಿನಲ್ಲಿ ಅರ್ಧ ಗಂಟೆ ತಾಳುವುದೆಂದೂ ತಿಳಿಯಬೇಕು. ಈ ಪರೀಕ್ಷೆಗಳು ಸಿಹಿನೀರಿನವು, ಉಪ್ಪಿಗೆ ಅನ್ವಯಿಸುವುದಿಲ್ಲ. ಓಟ ಮುಗಿದ ಮೇಲೆ ಒದ್ದೆಬಟ್ಟೆಯಿಂದ ಒರೆಸಿ, ಒಣಗಿಸಿ, ಅನಂತರವೇ ಚಾರ್ಜಿಗೆ ಇಡತಕ್ಕದ್ದು.

ಹಾಡಿನ ಯಂತ್ರದ ಆಯ್ಕೆಯು ಈಗ ಸುಲಭವಾಗಿದೆ. ಕ್ಯಾಸೆಟ್ಟಿನಲ್ಲಿ ಓಟದ ಕುಲುಕಾಟಕ್ಕೆ ಟೇಪಿನ ವೇಗವು ಏರಿಳಿದು ಶ್ರುತಿ ಕೆಡುತ್ತಿತ್ತು; ತಿರುಗುವ ಸಿ.ಡಿ.ಯಲ್ಲಿ ಹಾಡು ಹಾರುತ್ತಿತ್ತು. ಇಂದಿನ ಫ್ಲ್ಯಾಶ್ ಸ್ಮೃತಿಯಲ್ಲಿ ಚಲಿಸುವ ಭಾಗವೇ ಇಲ್ಲ. ಆದುದರಿಂದ ಸುಮಾರು ೨೦೦ ಗ್ರಾಂ ತೂಕದ ಫೋನನ್ನು ತೋಳಿಗೆ ಕಟ್ಟುವುದಕ್ಕಿಂತ, ಕೆಲವೇ ಗ್ರಾಂ ತೂಗುವ ಪ್ರತ್ಯೇಕ ಯಂತ್ರವು ಓಟಗಾರನಿಗೆ ಹಿತ. ಬ್ಲೂಟೂತ್ ಉಪಕರಣವಾದರೆ ಅದರ ೨.೪ ಗಿಗಾಹರ್ಟ್ಸ್ ತರಂಗಗಳನ್ನು ನೀರು ಹೀರಿಕೊಳ್ಳುತ್ತದೆ. ನಮ್ಮ ಶರೀರವೋ ಬಹುಪಾಲು ನೀರೇ. ಕೋಣೆಯಲ್ಲಿ ಗೋಡೆಗಳಿಂದ ಪ್ರತಿಫಲಿಸಿ ಬರುವ ತರಂಗವು ಬಯಲಿನಲ್ಲಿ ಹಾಗೆ ಬರಲಾರದು. ಆಗ ಹಾಡು ತುಂಡಾದರೆ, ಯಂತ್ರವನ್ನು ದೇಹದ ಇನ್ನೊಂದು ಮಗ್ಗುಲಿಗೆ ಬದಲಿಸಿ ನೋಡಬೇಕು.

ಕೊಳ್ಳುವವರಿಗೆ ಕೊನೆಯ ಮಾತು

ಅಜ್ಜರಕಾಡಿನಂಥ ಕ್ರೀಡಾಂಗಣದ ಟ್ರ್ಯಾಕಿನಲ್ಲಿ ವಾಹನಗಳ ಭಯವಿಲ್ಲ. ಅಲ್ಲಿ ಮುಚ್ಚುವ ಜಾತಿಯನ್ನೂ ಬಳಸಬಹುದು. ಹೊರಗದ್ದಲ ತಗ್ಗುವುದರಿಂದ ಕಡಿಮೆ ಶಬ್ದದಲ್ಲಿಯೇ ಹಾಡು ಕೇಳುವ ಲಾಭವೂ ಉಂಟು. ರಸ್ತೆಯಲ್ಲಿ ಓಡುವವರು ತೆರೆದ ಜಾತಿಯನ್ನೇ ಆರಿಸಿ, ವಾಹನಗಳು ಎದುರಿನಿಂದ ಕಾಣುವಂತೆ ಬಲಮಗ್ಗುಲಿನಲ್ಲಿ ಓಡಲಿ. ಗದ್ದಲದ ಜಾಗದಲ್ಲಿ ಹಾಡು ಕೇಳಿಸದಿದ್ದರೆ ಶಬ್ದವನ್ನು ಏರಿಸುವುದಲ್ಲ, ಹಾಡನ್ನೇ ನಿಲ್ಲಿಸುವುದು ಜಾಣತನ. ಅಂತರರಾಷ್ಟ್ರೀಯ ಅಥ್ಲೆಟಿಕ್ಸ್ ನಿಯಮಗಳು ಟ್ರ್ಯಾಕಿನ ಸ್ಪರ್ಧೆಗಳಲ್ಲಿ ಇಂಥ ಉಪಕರಣಗಳಿಗೆ ಅವಕಾಶ ಕೊಡುವುದಿಲ್ಲ. ಸ್ಪರ್ಧೆಗೆ ಸಿದ್ಧರಾಗುವ ವಿದ್ಯಾರ್ಥಿಗಳು ಹಾಡಿಲ್ಲದೆ ಓಡುವುದನ್ನೂ ಕಲಿತಿರಬೇಕು. ಕೆಟ್ಟುಹೋದ ಇಯರ್‌ಫೋನಿಗೆ ಬದಲು ಇನ್ನೊಂದನ್ನು ಅಂಗಡಿಯಿಂದ ತರಬಹುದು; ಒಳಗಿವಿಯ ರೋಮಕೋಶಗಳನ್ನು ಯಾವ ಅಂಗಡಿಯೂ ಮಾರುವುದಿಲ್ಲ.